ಆಟಿ ತಿಂಗಳ ಮಳೆಯಲ್ಲಿ ಎಂಟು ಜನಕ್ಕೆ ಚಾ

ಕಾಸರಗೋಡಿನ ಬದಿಯಡ್ಕ ಕಡೆಯ ಮನೆಗಳಲ್ಲಿ ನಾಲ್ಕು ಗಂಟೆಯ ಚಾಗೆ ಗೆಳೆಯರನ್ನು ಕರೆದರೆ ಕೆಲಸ ಶುರುವಾಗುವುದು ಬೆಳಗ್ಗೆಯೇ. ಮೊನ್ನೆಯ ಭಾನುವಾರ ಎಂಟು ಜನ. ಗೋಳಿಬಜೆ, ಕಾಯಿಚಟ್ನಿ, ಹಲಸಿನ ಹಪ್ಪಳ. ಇದಕ್ಕಿಂತ ಹೆಚ್ಚು ಬಗೆ ಮಾಡಹೊರಟರೆ ಕರೆದವರು ಅಡುಗೆಕೋಣೆಯಲ್ಲೇ ಉಳಿಯುತ್ತಾರೆ.

ಗೋಳಿಬಜೆಗೆ ಅರ್ಧ ಕಿಲೋ ಮೈದಾಕ್ಕೆ ಸುಮಾರು 400 ಮಿಲಿ ಹುಳಿಮೊಸರು, ಮುಕ್ಕಾಲು ಚಮಚ ಸೋಡಾ, ಉಪ್ಪು, ಚೂರು ಸಕ್ಕರೆ. ಹಸಿಮೆಣಸು, ಶುಂಠಿ, ಕರಿಬೇವು, ಕಾಯಿಚೂರು. ಹನ್ನೆರಡೂವರೆಗೆ ಕಲಸಿಟ್ಟರೆ ಮೂರೂವರೆಗೆ ಹದ. ನಲವತ್ತಕ್ಕೂ ಮಿಕ್ಕಿ ಆಗುತ್ತವೆ, ತಲಾ ಐದಕ್ಕೆ ಮೋಸವಿಲ್ಲ. ಹಿಟ್ಟು ನೀರಾದರೆ ಎಣ್ಣೆಯಲ್ಲಿ ಬಾಲ ಬಿಡುತ್ತದೆ. ಮೊಸರಿಗೆ ಹುಳಿ ಸಾಲದೆಂದು ಸೋಡಾ ಸುರಿದರೆ ಬಜೆ ಎಣ್ಣೆ ಕುಡಿಯುತ್ತದೆ, ಬಾಯಲ್ಲಿ ಸಾಬೂನಿನ ರುಚಿ. ಕೈ ನೀರಲ್ಲಿ ಅದ್ದಿ ಬಿಡಬೇಕು, ಆದರೆ ಬೆರಳಿನ ನೀರು ಕೊಡವಿ; ಇಲ್ಲದಿದ್ದರೆ ಎಣ್ಣೆ ಸಿಡಿಯುತ್ತದೆ.

ಬಾಣಲೆಗೆ ಮೊದಲು ಹಪ್ಪಳ. ಅದಕ್ಕೆ ಎಣ್ಣೆ ಚೆನ್ನಾಗಿ ಕಾದಿರಬೇಕು, ಬಜೆಗೆ ಅಷ್ಟು ಕಾವು ಬೇಡ. ಬೇಸಿಗೆಯಲ್ಲಿ ಒಣಗಿಸಿಟ್ಟ ಹಪ್ಪಳವೂ ಆಟಿಯಲ್ಲಿ ತಂಪು ಹಿಡಿಯುತ್ತದೆ, ಬೆಳಗ್ಗೆಯೇ ಒಲೆಯ ಮೇಲಿನ ಹಲಗೆಯಲ್ಲಿ ಇಡುವುದು ವಾಸಿ. ಕರಿದದ್ದು ಆರಿದ ಮೇಲೆಯೇ ಡಬ್ಬಿಗೆ. ಬಿಸಿಯಲ್ಲಿ ಮುಚ್ಚಿದರೆ ಒಳಗೆ ಬೆವರಿ ಮೆತ್ತಗಾಗುತ್ತದೆ. ಆಮೇಲೆ ಉರಿ ತಗ್ಗಿಸಿ ಬಜೆ. ಎಣ್ಣೆ ಅತಿಯಾಗಿ ಕಾದಿದ್ದರೆ ಹೊರಗೆ ಕೆಂಪು, ಒಳಗೆ ಹಸಿಹಿಟ್ಟು. ಮೊದಲ ಬಜೆಯನ್ನು ಮುರಿದು ನೋಡದೆ ಎರಡನೇ ಒಬ್ಬೆ ಬಿಡಬಾರದು.

ಜನ ಬಂದು ಕೂತ ಕೂಡಲೇ ಬೆಲ್ಲ, ನೀರು. ಮಳೆಯಲ್ಲಿ ನೆನೆದು ಬಂದವರು ಬೆಲ್ಲ ಮುಟ್ಟುವುದು ಕಡಿಮೆ, ಆದರೂ ತಟ್ಟೆ ಮುಂದಿಡದಿದ್ದರೆ ಆಗದು.

ಚಾಗೆ ನೀರಿಡುವುದು ಮೊದಲ ಒಬ್ಬೆ ಬಜೆ ಎಣ್ಣೆಗೆ ಬಿದ್ದ ಮೇಲೆ. 800 ಮಿಲಿ ನೀರಿಗೆ ಜಜ್ಜಿದ ಶುಂಠಿ ಹಾಕಿ ಐದು ನಿಮಿಷ ಕುದಿಸಿ, ಎಂಟು ಚಮಚ ಚಾಪುಡಿ ಹಾಕಿ ಎರಡು ನಿಮಿಷ ಬಿಟ್ಟು, ಬೇರೆ ಕಾಯಿಸಿಟ್ಟ ಅರ್ಧ ಲೀಟರ್ ಹಾಲು. ಹಸಿಶುಂಠಿಯನ್ನು ನೇರ ಹಾಲಿಗೆ ಹಾಕಿದರೆ ಹಾಲು ಒಡೆಯುವ ಸಾಧ್ಯತೆ ಇದೆ. ಶುಂಠಿಯ ಆ ಗುಣ ನೀರಲ್ಲಿ ಕುದಿಯುವಾಗಲೇ ಸಾಯುತ್ತದೆ. ಸಕ್ಕರೆ ಪಾತ್ರೆಗೆ ಬೇಡ, ಎಂಟು ಜನರಲ್ಲಿ ಒಬ್ಬಿಬ್ಬರಿಗಾದರೂ ಶುಗರ್ ಇದ್ದೇ ಇರುತ್ತದೆ. ಹಾಲು ಬೇಡದವರಿಗೆ ಹಾಲು ಬೀಳುವ ಮೊದಲೇ ಎರಡು ಗ್ಲಾಸು ಕಣ್ಣಚಾ ಸೋಸಿಡಬೇಕು.

ಮಾತು ಮುಗಿಯದೆ ಇನ್ನೊಂದು ಸುತ್ತು ಚಾ ಬೇಕಾದರೆ ಹಳೇ ಚರಟವನ್ನೇ ಕುದಿಸಬಾರದು. ಇಳಿಯುವುದು ಒಗರು ಮಾತ್ರ. ಪುಡಿ ಹೊಸದೇ ಆಗಬೇಕು.