ಪರಮಾಣು ಮಾದರಿಗಳು ಕೋಡ್‌ನಲ್ಲಿ: ರುದರ್‌ಫೋರ್ಡ್ ಹಂತ ಮುಗಿಯಿತು

ಹಳೆಯ ಪರಮಾಣು ಮಾದರಿಗಳನ್ನು ಒಂದೊಂದಾಗಿ ಪೈಥಾನ್‌ನಲ್ಲಿ ಬರೆದು, ಅವುಗಳ ಮೇಲೆ ಆಲ್ಫಾ ಕಣಗಳನ್ನು (ಧನ ಆವೇಶದ, ವೇಗವಾಗಿ ಹಾರುವ ಪುಟ್ಟ ಕಣಗಳು) ಬಿಟ್ಟು ಏನಾಗುತ್ತದೆ ಎಂದು ನೋಡುವುದು ಈ ಪ್ರಾಜೆಕ್ಟ್‌ನ ಕೆಲಸ. ಡಾಲ್ಟನ್‌ನ ಗಟ್ಟಿ ಗೋಲಿಯಲ್ಲಿ ಕೋಡ್ ಮಾಡುವಂಥದ್ದು ಜಾಸ್ತಿ ಇಲ್ಲ. ಅದನ್ನು ಬಿಟ್ಟು ಮುಂದೆ ಬಂದೆ.

ಥಾಮ್ಸನ್ ಮಾದರಿ ಮೊದಲೇ ಓಡುತ್ತಿತ್ತು. 1897ರಲ್ಲಿ ಋಣ ಆವೇಶದ ಎಲೆಕ್ಟ್ರಾನ್ ಸಿಕ್ಕಿತು, ಹಾಗಾದರೆ ಧನ ಆವೇಶ ಎಲ್ಲಿದೆ? ಇಡೀ ಪರಮಾಣುವಿನ ತುಂಬ ಹರಡಿಕೊಂಡಿದೆ ಎಂದರು ಥಾಮ್ಸನ್. ಚಿನ್ನಕ್ಕೆ 79 ಆವೇಶ, 0.14 ನ್ಯಾನೋಮೀಟರ್ ತ್ರಿಜ್ಯ ಕೊಟ್ಟು, 7.7 ಎಂಇವಿ ಶಕ್ತಿಯ ಆಲ್ಫಾ ಕಣ ಬಿಟ್ಟರೆ ಅದು ಬಾಗುವುದು ಡಿಗ್ರಿಯ ನೂರನೇ ಒಂದು ಭಾಗದಷ್ಟು ಮಾತ್ರ. ಸಾವಿರ ಪದರ ದಾಟಿಸಿದರೂ ಒಂದು ಡಿಗ್ರಿ ಮುಟ್ಟುವುದಿಲ್ಲ, ಯಾಕೆಂದರೆ ಒಂದು ಪರಮಾಣು ಎಡಕ್ಕೆ ತಳ್ಳಿದರೆ ಇನ್ನೊಂದು ಬಲಕ್ಕೆ ತಳ್ಳುತ್ತದೆ.

ಆದರೆ 1909ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಗೈಗರ್ ಮತ್ತು ಮಾರ್ಸ್‌ಡನ್ ನೋಡಿದ್ದೇ ಬೇರೆ. ಪ್ಲಾಟಿನಂ ತಗಡಿಗೆ ಬಡಿದ ಆಲ್ಫಾ ಕಣಗಳಲ್ಲಿ ಸುಮಾರು 8000ಕ್ಕೆ ಒಂದು ಬಂದ ಕಡೆಗೇ ವಾಪಸ್ ತಿರುಗಿತ್ತು. ಕತ್ತಲೆ ಕೋಣೆಯಲ್ಲಿ ಕೂತು, ಜಿಂಕ್ ಸಲ್ಫೈಡ್ ಪರದೆಯ ಮೇಲಿನ ಪುಟ್ಟ ಮಿಂಚುಗಳನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಎಣಿಸಿದ ಲೆಕ್ಕ ಅದು. ಆ ತಾಳ್ಮೆಗೆ ನಿಜವಾಗಿಯೂ ಕೈ ಮುಗಿಯಬೇಕು.

ಈಗ ಮುಗಿಸಿದ್ದು ರುದರ್‌ಫೋರ್ಡ್‌ನ 1911ರ ಮಾದರಿ. ಕೋಡ್‌ನಲ್ಲಿ ಬದಲಾದದ್ದು ಒಂದೇ ಸಾಲು: 79 ಆವೇಶವನ್ನೂ ನಡುವಿನ ಒಂದೇ ಬಿಂದುವಿಗೆ, ಅಂದರೆ ನ್ಯೂಕ್ಲಿಯಸ್‌ಗೆ, ತಂದಿಟ್ಟೆ. ನೇರವಾಗಿ ಗುರಿಯಿಟ್ಟ ಕಣ ನ್ಯೂಕ್ಲಿಯಸ್‌ನಿಂದ ಸುಮಾರು 30 ಫೆಮ್ಟೋಮೀಟರ್ (ಒಂದು ಫೆಮ್ಟೋಮೀಟರ್ ಎಂದರೆ ನ್ಯಾನೋಮೀಟರ್‌ನ ಹತ್ತು ಲಕ್ಷದಲ್ಲಿ ಒಂದು ಭಾಗ) ದೂರದಲ್ಲಿ ನಿಂತು ಹಿಂದಕ್ಕೆ ಹೊರಡುತ್ತದೆ. ಗುರಿ 15 ಫೆಮ್ಟೋಮೀಟರ್ ಪಕ್ಕಕ್ಕೆ ಸರಿದರೆ ಸರಿಯಾಗಿ 90 ಡಿಗ್ರಿ ತಿರುಗುತ್ತದೆ. ನ್ಯೂಕ್ಲಿಯಸ್ ಹತ್ತಿರ ಬಂದಂತೆ ಸಮಯದ ಹೆಜ್ಜೆಯನ್ನು ತುಂಬಾ ಚಿಕ್ಕದು ಮಾಡಬೇಕು, ಇಲ್ಲದಿದ್ದರೆ ಶಕ್ತಿಯ ಲೆಕ್ಕ ತಪ್ಪುತ್ತದೆ. ಇನ್ನೊಂದು ಮಾತು, ಇಡೀ ಪರಮಾಣುವಿನ ಮೇಲೆ ಸುಮ್ನೆ ಎಲ್ಲೆಂದರಲ್ಲಿ ಕಣ ಬಿಟ್ಟರೆ 90 ಡಿಗ್ರಿಗಿಂತ ಜಾಸ್ತಿ ತಿರುಗುವುದು ಸುಮಾರು 9 ಕೋಟಿಗೆ ಒಂದು. ಅದಕ್ಕೇ ಗುರಿಯ ವ್ಯಾಪ್ತಿಯನ್ನು ಕಿರಿದು ಮಾಡಿ, ಆಮೇಲೆ ಆ ಕಿರಿದು ಮಾಡಿದ್ದಕ್ಕೆ ತಕ್ಕಂತೆ ಲೆಕ್ಕ ಸರಿಪಡಿಸುತ್ತೇನೆ.

ನನಗೆ ತುಂಬಾ ಹಿಡಿಸಿದ್ದು ಯಾವ ಕೋನಕ್ಕೆ ಎಷ್ಟು ಕಣ ತಿರುಗುತ್ತವೆ ಎಂಬುದರ ಗ್ರಾಫ್. ರುದರ್‌ಫೋರ್ಡ್ ಸೂತ್ರದ ಪ್ರಕಾರ, ಅದೇ ಅಳತೆಯ ಪರದೆಯನ್ನು 60 ಡಿಗ್ರಿಯಲ್ಲಿ ಇಟ್ಟರೆ 120 ಡಿಗ್ರಿಯಲ್ಲಿ ಬೀಳುವುದರ 9 ಪಟ್ಟು ಕಣ ಬೀಳಬೇಕು. ನನ್ನ ಚುಕ್ಕಿಗಳು ಆ ಗೆರೆಯ ಮೇಲೇ ಕೂತಿವೆ. 1913ರಲ್ಲಿ ಗೈಗರ್ ಮತ್ತು ಮಾರ್ಸ್‌ಡನ್ 5ರಿಂದ 150 ಡಿಗ್ರಿವರೆಗೆ ಅಳೆದು ಪರೀಕ್ಷಿಸಿದ್ದೂ ಇದನ್ನೇ. ವಾಪಸ್ ಬಂದ ಆ ಒಂದು ಕಣದ ಕಥೆ ಎಲ್ಲರಿಗೂ ಗೊತ್ತು, ಆದರೆ ನ್ಯೂಕ್ಲಿಯಸ್ ಇದೆ ಎಂದು ನಂಬಿಸುವುದು ಪ್ರತಿಯೊಂದು ಕೋನದಲ್ಲೂ ಸರಿಹೊಂದುವ ಈ ಲೆಕ್ಕ ಎಂದು ನನಗನಿಸುತ್ತದೆ. ಕುತೂಹಲಕ್ಕೆ ನಡುವಿನ ಆವೇಶವನ್ನು ಋಣ ಮಾಡಿ ಓಡಿಸಿದೆ. ಕಣಗಳು ನ್ಯೂಕ್ಲಿಯಸ್‌ನ ಆ ಬದಿಯಿಂದ ಸುತ್ತಿ ಬಂದವು, ಆದರೆ ಗ್ರಾಫ್ ಒಂದಿಷ್ಟೂ ಬದಲಾಗಲಿಲ್ಲ! ಆವೇಶ ಧನವೋ ಋಣವೋ ಎಂದು ಈ ಪ್ರಯೋಗ ಒಂದೇ ಹೇಳಲಾರದು, ರುದರ್‌ಫೋರ್ಡ್ 1911ರ ಲೇಖನದಲ್ಲೇ ಅದನ್ನು ಗಮನಿಸಿದ್ದರು.

ಮುಂದಿನದು ಬೋರ್. ಹಳೆಯ ಭೌತಶಾಸ್ತ್ರದ ಪ್ರಕಾರ ಸುತ್ತುವ ಎಲೆಕ್ಟ್ರಾನ್ ಬೆಳಕು ಸೂಸುತ್ತಾ ಶಕ್ತಿ ಕಳೆದುಕೊಳ್ಳಬೇಕು, ಅಲ್ವಾ? ಹಾಗಾದರೆ ಹೈಡ್ರೋಜನ್ ಪರಮಾಣು ಒಂದು ಸೆಕೆಂಡಿನ ಲಕ್ಷ ಕೋಟಿ ಭಾಗಗಳಲ್ಲಿ ಇಪ್ಪತ್ತು ಭಾಗ ಕಳೆಯುವುದರೊಳಗೆ ಕುಸಿಯಬೇಕು. ಮೊದಲು ಆ ಕುಸಿತವನ್ನೇ ಓಡಿಸಿ ನೋಡುತ್ತೇನೆ, ಆಮೇಲೆ ಬೋರ್‌ನ 1913ರ ನಿಯಮ (ಎಲೆಕ್ಟ್ರಾನ್ ಕೆಲವೇ ನಿಗದಿತ ಕಕ್ಷೆಗಳಲ್ಲಿ ಮಾತ್ರ ಇರಬಹುದು) ಸೇರಿಸುತ್ತೇನೆ. ಹೈಡ್ರೋಜನ್‌ನ 656 ಮತ್ತು 486 ನ್ಯಾನೋಮೀಟರ್ ತರಂಗಾಂತರದ ಬೆಳಕಿನ ಗೆರೆಗಳು ಸರಿಯಾಗಿ ಬಂದರೆ ಆ ಹಂತವೂ ಮುಗಿದ ಹಾಗೆ.