ಹಿಕ್ಕೆ ಗುಡ್ಡೆಯ ಫೋಟೊ

ನಂಜನಗೂಡು ತಾಲ್ಲೂಕಿನ ಹೊಲಗಳು ಬಂಡೀಪುರದ ಕಾಡಿಗೆ ತಾಗುವ ಕಡೆ, ಒಂದು ಬೇಸಿಗೆ ನಾನು ಪ್ರಾಣಿ ಸಮೀಕ್ಷೆಗೆ ಸಹಾಯಕನಾಗಿದ್ದೆ. ನಮಗೆ ಹುಡುಕಲು ಹೇಳಿದ್ದು ಕೊಂಡುಕುರಿ.

ಸುಮಾರು ಜನ ಇದನ್ನು ಕಾಡುಕುರಿ ಅಂದುಕೊಳ್ಳುತ್ತಾರೆ. ನಾನೂ ಅಂದುಕೊಂಡಿದ್ದೆ. ಕಾಡುಕುರಿ ಜಿಂಕೆ ಜಾತಿ, ಅದರ ಕೊಂಬು ಉದುರಿ ಮತ್ತೆ ಬರುತ್ತದೆ. ಕೊಂಡುಕುರಿ ಹುಲ್ಲೆ, ಕೊಂಬು ಉದುರುವುದಿಲ್ಲ. ಗಂಡಿಗೆ ನಾಲ್ಕು ಕೊಂಬು, ಮುಂದಿನ ಜೋಡಿ ಬರೀ ಮೊಟಕು. ಹೆಣ್ಣಿಗೆ ಕೊಂಬೇ ಇಲ್ಲ. ಎತ್ತರ ಎರಡು ಅಡಿ, ತೂಕ 20 ಕೆ.ಜಿ. ಆಸುಪಾಸು. ಭಾರತ, ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲ. ದಾವಣಗೆರೆ ಜಿಲ್ಲೆಯ ರಂಗಯ್ಯನದುರ್ಗದಲ್ಲಿ ಇದಕ್ಕೆಂದೇ 2011ರಲ್ಲಿ ಅಭಯಾರಣ್ಯ ಮಾಡಿದರು. ನಮ್ಮ ಕಡೆ ಹುಲಿ, ಆನೆ ನೋಡಲು ಬಂದವರು ಇದರ ಹೆಸರನ್ನೂ ಕೇಳುವುದಿಲ್ಲ, ಅಲ್ವಾ?

ಕಣ್ಣಿಗೆ ಬೀಳುವುದೂ ಕಷ್ಟ. ಒಂಟಿಯಾಗಿ ಇಲ್ಲವೇ ಜೋಡಿಯಾಗಿ ಇರುತ್ತದೆ. ನಮ್ಮ ಸದ್ದು ಕೇಳಿದರೆ ಹುಲ್ಲಿನ ಮರೆಯಲ್ಲಿ ಕದಲದೆ ನಿಲ್ಲುತ್ತದೆ. ತೀರಾ ಹತ್ತಿರ ಹೋದಾಗ ಒಂದೇ ನೆಗೆತ, ಮಾಯ. ಅದಕ್ಕೇ ನಾವು ಹಿಕ್ಕೆ ನೋಡುತ್ತಿದ್ದೆವು. ಕೊಂಡುಕುರಿ ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಅಲ್ಲೊಂದು ಗುಡ್ಡೆಯೇ ಆಗಿರುತ್ತದೆ. ಎದುರಿಗೆ ಕ್ಯಾಮೆರಾ ಕಟ್ಟಿದರೆ ಮುಗಿಯಿತು.

ಮೊದಲ ಗುಡ್ಡೆ ಸಿಕ್ಕಿದ ದಿನ ನನಗೆ ಖುಷಿಯೋ ಖುಷಿ. ಸಂಜೆ ಸಿಗ್ನಲ್ ಬಂದ ಕೂಡಲೇ ಗೆಳೆಯರ ವಾಟ್ಸಾಪ್ ಗುಂಪಿಗೆ ಫೋಟೊ ಹಾಕಿದೆ. ಒಬ್ಬ ಎಲ್ಲಿ ಅಂತ ಕೇಳಿದ. ಸುಮ್ನೆ ಲೊಕೇಶನ್ನೂ ಕಳಿಸಿದೆ.

ಹತ್ತು ದಿನದ ಮೇಲೆ ಕ್ಯಾಮೆರಾದ ಕಾರ್ಡ್ ತೆಗೆಯಲು ಹೋದೆವು. ಜೊತೆಗಿದ್ದ ಹಿರಿಯ ವಾಚರ್ ಅಣ್ಣ ನನ್ನ ತೋಳು ಹಿಡಿದು ನಿಲ್ಲಿಸಿದರು. ಗುಡ್ಡೆಗೆ ಹೋಗುವ ಸಣ್ಣ ಜಾಡಿನಲ್ಲಿ ಬೈಕಿನ ಕ್ಲಚ್ ವೈರಿನ ಉರುಳು. ಪುಣ್ಯಕ್ಕೆ ಖಾಲಿ ಇತ್ತು. ಕ್ಯಾಮೆರಾ ಇರಲಿಲ್ಲ.

"ಈ ಜಾಗ ಯಾರಿಗೆ ಹೇಳಿದ್ದೆ ಮಗಾ?" ಅಂದರು.

ನಾನು ಫೋನ್ ತೋರಿಸಿದೆ. ಗುಂಪಿನಲ್ಲಿ 140 ಜನ. ಅರ್ಧದಷ್ಟು ಜನರ ಮುಖವೂ ನನಗೆ ಗೊತ್ತಿರಲಿಲ್ಲ. ಅದನ್ನು ನೋಡಿಯೇ ಉರುಳು ಹಾಕಿದರು ಅಂತ ಹೇಳಲು ಆಗುವುದಿಲ್ಲ, ಕಾಡಂಚಿನಲ್ಲಿ ಹಂದಿಗೆ, ಮೊಲಕ್ಕೆ ಉರುಳು ಹಾಕುವವರು ಮೊದಲಿಂದಲೂ ಇದ್ದಾರೆ. ಆದರೆ ಅದೇ ಜಾಡು, ಅದೇ ವಾರ. ನಮಗೆ ಎಣಿಸಲು ಸುಲಭ ಮಾಡಿದ ಕೊಂಡುಕುರಿಯ ಅಭ್ಯಾಸವೇ ಹಿಡಿಯುವವನಿಗೂ ಸುಲಭ ಅನ್ನೋದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಅಣ್ಣ ಬೈಯಲಿಲ್ಲ. ವೈರ್ ಬಿಚ್ಚಿ ಸುತ್ತಿ ನನ್ನ ಚೀಲಕ್ಕೆ ಹಾಕಿದರು. "ಸಾಹೇಬರ ಹತ್ರ ನೀನೇ ಹೇಳು" ಅಂದರು. ಹೇಳಿದೆ. ಆವತ್ತಿನಿಂದ ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆಫ್.

ಮೈಸೂರಿಗೆ ಬಂದಾಗ ಗೆಳೆಯರು ಈಗಲೂ ಕೇಳುತ್ತಾರೆ, ಕೊಂಡುಕುರಿ ಎಲ್ಲಿ ಸಿಕ್ತು ಅಂತ. ಕಾಡಲ್ಲಿ ಅನ್ನುತ್ತೇನೆ. ಕೊಬ್ಬು ಜಾಸ್ತಿ ಆಯ್ತು ಇವನಿಗೆ ಅಂತ ನಗುತ್ತಾರೆ.