ಬಂದೂಕೇ ಇಲ್ಲದ ಆಟದಲ್ಲಿ ಮಾಡುವುದಾದರೂ ಏನು?

ನಾನು ಆಡುವ ವಿಡಿಯೊ ಗೇಮ್‌ಗಳ ಮಾತು ಬಂದಾಗಲೆಲ್ಲ, ಅದು ಆಫೀಸಿನ ಕ್ಯಾಂಟೀನ್ ಆಗಿರಲಿ, ಬನಶಂಕರಿಯ ಭಾವನ ಮನೆಯ ಭಾನುವಾರದ ಊಟವಾಗಿರಲಿ, ಎದುರಾಗುವ ಪ್ರಶ್ನೆ ಒಂದೇ: “ಎದುರಿಗೆ ಶತ್ರು ಇಲ್ಲ, ಕೈಯಲ್ಲಿ ಗನ್ ಇಲ್ಲ, ಬಂಡೆಯಿಂದ ಬಂಡೆಗೆ ನೆಗೆಯುತ್ತಾ ಹೋಗುವುದರಲ್ಲಿ ಏನಪ್ಪಾ ಮಜಾ ನಿನಗೆ?” ಕೇಳುವವರನ್ನು ದೂರುವಂತಿಲ್ಲ. ಬೆಂಗಳೂರಿನಲ್ಲಿ ನನ್ನ ತಲೆಮಾರಿನವರಿಗೆ ಫಸ್ಟ್ ಪರ್ಸನ್ ಆಟ, ಅಂದರೆ ಪಾತ್ರದ ಕಣ್ಣಿನಿಂದಲೇ ಜಗತ್ತು ಕಾಣುವ ಆಟ, ಪರಿಚಯವಾದದ್ದೇ ಸೈಬರ್ ಕೆಫೆಗಳ ಕೌಂಟರ್-ಸ್ಟ್ರೈಕ್ ಎಂಬ ಶೂಟಿಂಗ್ ಆಟದಿಂದ. ನಮಗಿಂತ ಚಿಕ್ಕವರು ಮೊಬೈಲಿನಲ್ಲಿ ಪಬ್‌ಜಿ ಆಡಿ ಬೆಳೆದರು, 2020ರ ಸೆಪ್ಟೆಂಬರಿನಲ್ಲಿ ಅದು ನಿಷೇಧವಾದಾಗ ಗೋಳಾಡಿದರು, ಮರುವರ್ಷದ ಜುಲೈನಲ್ಲಿ ಅದರ ಭಾರತೀಯ ಆವೃತ್ತಿ ಬಿಜಿಎಂಐ ಬಂದಾಗ ಬಿಟ್ಟಲ್ಲಿಂದ ಮುಂದುವರಿಸಿದರು. ಹೀಗಾಗಿ ಪರದೆಯ ನಡುವೆ ಗುರಿಯ ಚುಕ್ಕೆಯೊಂದು ಕಂಡರೆ ಅದು ಯಾರನ್ನೋ ಹೊಡೆಯುವುದಕ್ಕೇ ಇರಬೇಕೆಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ.

ನಾನು ಇಷ್ಟಪಡುವ ಆಟಗಳಲ್ಲಿ ಆ ಚುಕ್ಕೆಗೆ ಬೇರೆ ಕೆಲಸವಿದೆ. ಅದು ನಾನು ಮುಂದೆ ಎಲ್ಲಿರಬೇಕೆಂಬುದನ್ನು ಹೇಳುತ್ತದೆ. ಸುತ್ತಾಟ ಮತ್ತು ನೆಗೆತಗಳೇ ಮುಖ್ಯವಾದ ಈ ಆಟಗಳಲ್ಲಿ ನೋಡುವುದೂ ಚಲಿಸುವುದೂ ಬಹುಮಟ್ಟಿಗೆ ಒಂದೇ ಕ್ರಿಯೆಯಾಗಿಬಿಡುತ್ತವೆ, ಮತ್ತು ಮಜಾ ಇರುವುದು ಅಲ್ಲಿಯೇ. ಇದನ್ನು ಒಂದು ಆಟವನ್ನು ಹಿಡಿದು ವಿವರಿಸಿದರೆ ಸುಲಭ.

‘ಎ ಸ್ಟೋರಿ ಅಬೌಟ್ ಮೈ ಅಂಕಲ್’ ಸ್ವೀಡನ್ನಿನ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಆರಂಭವಾಗಿ, ಗಾನ್ ನಾರ್ತ್ ಗೇಮ್ಸ್ ಎಂಬ ಪುಟ್ಟ ತಂಡದ ಕೈಯಲ್ಲಿ ಪೂರ್ಣಗೊಂಡು 2014ರ ಮೇ ತಿಂಗಳಲ್ಲಿ ಬಿಡುಗಡೆಯಾದ ಆಟ. ತಂದೆಯೊಬ್ಬ ಮಲಗುವ ಹೊತ್ತಿನಲ್ಲಿ ಮಗಳಿಗೆ ಕಥೆ ಹೇಳುತ್ತಿದ್ದಾನೆ: ತಾನು ಹುಡುಗನಾಗಿದ್ದಾಗ, ಸಂಶೋಧಕನಾಗಿದ್ದ ಫ್ರೆಡ್ ಅಂಕಲ್ ಕಾಣೆಯಾದದ್ದು, ಅವನನ್ನು ಹುಡುಕಿಕೊಂಡು ಅವನೇ ತಯಾರಿಸಿದ ವಿಶೇಷ ಉಡುಪನ್ನು ತೊಟ್ಟು ತಾನು ವಿಚಿತ್ರ ಲೋಕವೊಂದಕ್ಕೆ ಹೋದದ್ದು. ನಾವು ಆಡುವುದು ಆ ಕಥೆಯನ್ನು. ಇಡೀ ಆಟದಲ್ಲಿ ಹೊಡೆಯುವ, ಕೊಲ್ಲುವ ಪ್ರಸಂಗವೇ ಇಲ್ಲ. ಕಪ್ಪೆಯನ್ನು ಹೋಲುವ ಜನರ ಊರು ಸಿಗುತ್ತದೆ, ಆ ಊರಿನ ಮ್ಯಾಡಿ ಎಂಬ ಹುಡುಗಿ ಸ್ವಲ್ಪ ದೂರ ಜೊತೆಗಿರುತ್ತಾಳೆ, ಉಳಿದಂತೆ ಗುಹೆಗಳು, ಗಾಳಿಯಲ್ಲಿ ತೇಲುವ ಬಂಡೆಗಳು, ಕೆಳಗೆ ತಳ ಕಾಣದ ಕಮರಿ.

ಉಡುಪಿನ ಮುಖ್ಯ ಶಕ್ತಿಯೆಂದರೆ ಕೈಯಿಂದ ಹೊರಡುವ ಬೆಳಕಿನ ಎಳೆ. ಎದುರಿನ ಬಂಡೆಯತ್ತ ನೋಟ ನೆಟ್ಟು ಮೌಸ್‌ನ ಬಟನ್ ಒತ್ತಿದರೆ ಎಳೆ ಅಲ್ಲಿಗೆ ಅಂಟಿಕೊಂಡು ನಮ್ಮನ್ನು ಸೆಳೆಯುತ್ತದೆ, ಬಟನ್ ಬಿಟ್ಟರೆ ಅಲ್ಲಿಯವರೆಗೆ ಗಳಿಸಿದ ವೇಗದಲ್ಲೇ ಹಾರಿಕೊಂಡು ಹೋಗುತ್ತೇವೆ. ಕೇಳಲು ಸರಳ. ಆದರೆ ಎಳೆಯನ್ನು ಬಂಡೆಯ ತಳಭಾಗಕ್ಕೆ ಅಂಟಿಸಿದರೆ ನೇರವಾಗಿ ಹೋಗಿ ಬಂಡೆಯ ಹೊಟ್ಟೆಗೆ ಢಿಕ್ಕಿ ಹೊಡೆದು ವೇಗ ಕಳೆದುಕೊಳ್ಳುತ್ತೇವೆ. ನೆತ್ತಿಯ ಸಮೀಪಕ್ಕೆ ಅಂಟಿಸಿ, ತಲುಪುವುದಕ್ಕೆ ತುಸು ಮೊದಲೇ ಬಿಟ್ಟರೆ, ಅಂಚನ್ನು ದಾಟಿ ಮೇಲೆ ಇಳಿಯುತ್ತೇವೆ. ಬಿಡುವ ಆ ಕ್ಷಣ ಕಣ್ಣು ಈಗಾಗಲೇ ಮುಂದಿನ ಬಂಡೆಯನ್ನು ಹುಡುಕುತ್ತಿರಬೇಕು, ಏಕೆಂದರೆ ಮತ್ತೆ ನೆಲ ಮುಟ್ಟುವವರೆಗೆ ಎಳೆಯನ್ನು ಎಷ್ಟು ಸಲ ಬಳಸಬಹುದೆಂಬುದಕ್ಕೆ ಮಿತಿಯಿದೆ. ಈ ಮಿತಿಯೇ ಆಟದ ಜಾಣತನ ಎಂದು ನನಗನ್ನಿಸುತ್ತದೆ. ಮಿತಿ ಇಲ್ಲದಿದ್ದರೆ ನಾವು ಹಾರಾಡುತ್ತಿದ್ದೆವು, ಅಷ್ಟೇ. ಮಿತಿ ಇರುವುದರಿಂದ ಹೊರಡುವ ಮುನ್ನ ನಿಂತು, ಯಾವ ಬಂಡೆ ಎಷ್ಟು ದೂರ, ಯಾವುದರ ಮೇಲೆ ಕಾಲೂರಲು ಜಾಗವಿದೆ ಎಂದು ಇಡೀ ಗುಹೆಯನ್ನು ಓದಬೇಕಾಗುತ್ತದೆ. ಶೂಟಿಂಗ್ ಆಟಗಳಲ್ಲಿ ಇಷ್ಟೇ ಚೆಂದದ ಗುಹೆಗಳಿರುತ್ತವೆ, ಆದರೆ ಅಲ್ಲಿ ನಾನು ನೋಡುವುದು ಅಡಗಿಕೊಳ್ಳುವ ಗೋಡೆಯನ್ನು ಮತ್ತು ಇಣುಕುವ ತಲೆಯನ್ನು ಮಾತ್ರ.

ಇಲ್ಲಿಗೆ ಭಾವನ ಎರಡನೆಯ ಆಕ್ಷೇಪಣೆ ಬರುತ್ತದೆ: ಕಾಲೇ ಕಾಣದ ಮೇಲೆ ನೆಗೆಯುವುದು ಹೇಗೆ? ಇದು ಬರೀ ತಕರಾರಲ್ಲ, ಆಟ ತಯಾರಿಸುವವರನ್ನು ದಶಕಗಳಿಂದ ಕಾಡಿದ ಸಮಸ್ಯೆ. ನಮ್ಮ ಊರಿನ ಫುಟ್‌ಪಾತಿನ ಮೇಲೆ ನಡೆಯುವ ಯಾರೂ ತಮ್ಮ ಪಾದಗಳನ್ನೇ ನೋಡುತ್ತಾ ಚರಂಡಿಯ ಮೇಲಿನ ಬಿರುಕು ಬಿಟ್ಟ ಚಪ್ಪಡಿಯನ್ನು ದಾಟುವುದಿಲ್ಲ. ಕಣ್ಣು ಎರಡು ಹೆಜ್ಜೆ ಮುಂದಿರುತ್ತದೆ, ಪಾದ ಎಲ್ಲಿದೆ ಎಂಬುದು ಸ್ನಾಯು ಮತ್ತು ಕೀಲುಗಳಿಂದಲೇ ಮಿದುಳಿಗೆ ತಿಳಿಯುತ್ತದೆ. ಪರದೆಯ ಮುಂದೆ ಕುಳಿತವರಿಗೆ ಆ ತಿಳಿವಳಿಕೆ ಸಿಗುವುದಿಲ್ಲ. 1998ರ ‘ಹಾಫ್-ಲೈಫ್’ ಶೂಟಿಂಗ್ ಆಟಗಳ ಚರಿತ್ರೆಯಲ್ಲೇ ಮಹತ್ವದ್ದು, ಆದರೂ ಅದರ ಕೊನೆಯಲ್ಲಿ ಬರುವ ಜೆನ್ ಎಂಬ ಅನ್ಯಲೋಕದ ತೇಲುವ ದ್ವೀಪಗಳ ಮೇಲಿನ ನೆಗೆತವನ್ನು ಆಡಿದವರು ಇಂದಿಗೂ ಬೈಯುತ್ತಾರೆ. ವಿಚಿತ್ರವೆಂದರೆ ಅದಕ್ಕೂ ಮೂರು ವರ್ಷ ಮೊದಲೇ, 1995ರಲ್ಲಿ, ಮೊದಲ ಪ್ಲೇಸ್ಟೇಷನ್‌ಗೆ ಬಂದ ಜಪಾನಿನ ‘ಜಂಪಿಂಗ್ ಫ್ಲ್ಯಾಶ್’ ಇದಕ್ಕೆ ಒಂದು ಪರಿಹಾರ ಕಂಡುಕೊಂಡಿತ್ತು. ಅದರಲ್ಲಿ ನಾವು ಮೊಲದ ಆಕಾರದ ಯಂತ್ರ. ಗಾಳಿಯಲ್ಲಿರುವಾಗಲೇ ಮತ್ತೊಮ್ಮೆ ನೆಗೆದರೆ ನೋಟ ತಾನಾಗಿ ಕೆಳಕ್ಕೆ ಬಾಗಿ, ನೆಲದ ಮೇಲೆ ಬಿದ್ದ ನಮ್ಮದೇ ನೆರಳು ಕಾಣುತ್ತದೆ. ನೆರಳು ಎಲ್ಲಿದೆಯೋ ಇಳಿಯುವುದೂ ಅಲ್ಲೇ.

2008ರಲ್ಲಿ ಸ್ಟಾಕ್‌ಹೋಮಿನ ಡೈಸ್ ಸಂಸ್ಥೆ ಹೊರತಂದ ‘ಮಿರರ್ಸ್ ಎಡ್ಜ್’ ಬೇರೆಯದೇ ದಾರಿ ಹಿಡಿಯಿತು. ಅದು ದೇಹವನ್ನೇ ಮರಳಿ ಕೊಟ್ಟಿತು. ಬಿಳಿಯ ಕಟ್ಟಡಗಳ ನಗರದಲ್ಲಿ ತಾರಸಿಯಿಂದ ತಾರಸಿಗೆ ಓಡುವ ಫೇತ್ ಎಂಬ ಯುವತಿಯ ಕೈಗಳು ಓಟದ ಲಯಕ್ಕೆ ಬೀಸುವುದು ಕಾಣುತ್ತದೆ, ಕೆಳಗೆ ನೋಡಿದರೆ ಅವಳ ಕಾಲುಗಳೂ ಶೂಗಳೂ ಕಾಣುತ್ತವೆ, ಉಸಿರಾಟ ಕೇಳಿಸುತ್ತದೆ. ಎತ್ತರದಿಂದ ಬೀಳುವಾಗ ನೆಲ ತಾಗುವ ಕ್ಷಣಕ್ಕೆ ಸರಿಯಾಗಿ ಬಟನ್ ಒತ್ತಿದರೆ ಅವಳು ಉರುಳಿ ಏಳುತ್ತಾಳೆ. ಆಗ ಇಡೀ ಪರದೆ ಒಂದು ಲಾಗ ಹಾಕಿ ನೇರವಾಗುತ್ತದೆ, ವೇಗ ಉಳಿಯುತ್ತದೆ. ಹತ್ತಬಹುದಾದ ಪೈಪು, ಏರಿ ನೆಗೆಯಬಹುದಾದ ಹಲಗೆ ಹತ್ತಿರವಾದಂತೆ ಕೆಂಪಾಗುವುದರಿಂದ, ನಿಲ್ಲದೆ ಓಡುವಾಗಲೂ ದಾರಿ ಓದಲು ಬರುತ್ತದೆ. ಆ ಆಟದಲ್ಲಿ ಗನ್ ಇದೆ, ಎದುರಾಳಿಯ ಕೈಯಿಂದ ಕಿತ್ತುಕೊಳ್ಳಬಹುದು. ಆದರೆ ದೊಡ್ಡ ಗನ್ ಹಿಡಿದರೆ ಫೇತ್‌ಳ ಓಟ ನಿಧಾನವಾಗುತ್ತದೆ, ಮತ್ತು ಯಾರಿಗೂ ಗುಂಡು ಹೊಡೆಯದೆ ಆಟ ಮುಗಿಸಿದವರಿಗೆ ಪ್ರತ್ಯೇಕ ಟ್ರೋಫಿಯೇ ಇದೆ. ತಯಾರಕರಿಗೇ ತಮ್ಮ ಗನ್‌ಗಳ ಮೇಲೆ ಅಷ್ಟೊಂದು ಪ್ರೀತಿ ಇದ್ದಂತಿಲ್ಲ.

ಬೀಳುವ ಭಯವನ್ನೇ ತೆಗೆದುಹಾಕಿದ ಆಟವೂ ಇದೆ. 2007ರ ‘ಪೋರ್ಟಲ್’ನಲ್ಲಿ ನಾಯಕಿಯ ಕಾಲಿಗೆ ಸ್ಪ್ರಿಂಗ್‌ನಂಥ ಸಾಧನ ಕಟ್ಟಿರುವುದರಿಂದ ಎಷ್ಟು ಎತ್ತರದಿಂದ ಬಿದ್ದರೂ ಪೆಟ್ಟಾಗುವುದಿಲ್ಲ. ಹಾಗಾಗಿ ಬೀಳುವುದೇ ಅಲ್ಲಿ ಸಾಧನ: ಕೈಯಲ್ಲಿರುವ ಗನ್‌ನಿಂದ ನೆಲದಲ್ಲೊಂದು, ಗೋಡೆಯಲ್ಲೊಂದು, ಒಂದಕ್ಕೊಂದು ಕೂಡಿಕೊಂಡ ಬಾಗಿಲು ತೆರೆದು, ನೆಲದ ಬಾಗಿಲಿಗೆ ಮೇಲಿನಿಂದ ಬಿದ್ದರೆ, ಬಿದ್ದ ವೇಗದಲ್ಲೇ ಗೋಡೆಯ ಬಾಗಿಲಿನಿಂದ ಅಡ್ಡಕ್ಕೆ ಚಿಮ್ಮುತ್ತೇವೆ. ಅದು ನೋಡಲು ಗನ್ನೇ, ಮಾಡುವುದು ಮಾತ್ರ ಬಡಗಿಯ ಕೆಲಸ.

ಶೂಟಿಂಗ್ ಇಟ್ಟುಕೊಂಡೂ ಸುತ್ತಾಟಕ್ಕೆ ಮೊದಲ ಸ್ಥಾನ ಕೊಟ್ಟ ಆಟ ಬೇಕೆಂದು ಕೇಳುವವರಿಗೆ ನಾನು ಹೇಳುವುದು 2002ರ ‘ಮೆಟ್ರಾಯ್ಡ್ ಪ್ರೈಮ್’. ಅದರ ಹೊಸ ರೂಪ 2023ರಲ್ಲಿ ನಿಂಟೆಂಡೊ ಸ್ವಿಚ್‌ಗೆ ಬಂದಿದೆ. ಕಂಡದ್ದನ್ನೆಲ್ಲ ಸ್ಕ್ಯಾನ್ ಮಾಡಿ ಓದುವುದು, ಇಂದು ತಲುಪಲಾಗದ ಕಟ್ಟೆಯನ್ನು ನೆನಪಿಟ್ಟುಕೊಂಡು ಹೊಸ ಶಕ್ತಿ ಸಿಕ್ಕ ಮೇಲೆ ಮರಳಿ ಬರುವುದು ಅದರ ಜೀವಾಳ. ತೀರಾ ಹತ್ತಿರದಲ್ಲಿ ಪ್ರಖರ ಬೆಳಕು ಹೊಳೆದಾಗ ಹೆಲ್ಮೆಟ್ಟಿನ ಗಾಜಿನಲ್ಲಿ ಒಂದು ಕ್ಷಣ ನಾಯಕಿ ಸ್ಯಾಮಸ್‌ಳ ಮುಖ ಪ್ರತಿಫಲಿಸುತ್ತದೆ. ನೋಡುತ್ತಿರುವವಳು ಯಾರೆಂದು ನೆನಪಿಸಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಬೇರೆ ಆಟದಲ್ಲಿ ಕಂಡಿಲ್ಲ.

ಇನ್ನು ತಲೆ ಸುತ್ತುವುದರ ಬಗ್ಗೆ. ನಮ್ಮ ಅಕ್ಕ ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ನೋಡಿದರೂ “ಸಾಕಪ್ಪಾ, ಹೊಟ್ಟೆ ತೊಳೆಸುತ್ತೆ” ಎಂದು ಎದ್ದು ಹೋಗುತ್ತಾಳೆ. ಇದು ಆಕೆಯ ದೌರ್ಬಲ್ಯವೇನಲ್ಲ. ದೇಹ ಚಲಿಸುತ್ತಿದೆ ಎಂದು ಕಣ್ಣು ಹೇಳುತ್ತದೆ, ಇಲ್ಲ ಎಂದು ಸಮತೋಲನ ಕಾಯುವ ಒಳಕಿವಿ ಹೇಳುತ್ತದೆ. ಈ ವಿರೋಧವೇ ವಾಕರಿಕೆಗೆ ಕಾರಣವೆಂಬುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ‘ಮಿರರ್ಸ್ ಎಡ್ಜ್’ನ ಪರದೆಯ ನಡುವೆ ಇರುವ ಸಣ್ಣ ಚುಕ್ಕೆ ಕೂಡ ಇದಕ್ಕಾಗಿಯೇ ಇಟ್ಟದ್ದು, ಕಣ್ಣಿಗೆ ಅಲುಗದ ಒಂದು ಆಸರೆ ಸಿಗಲೆಂದು. ಆಟ ಶುರುಮಾಡುವ ಮುನ್ನ ಸೆಟ್ಟಿಂಗ್ಸ್‌ಗೆ ಹೋಗಿ ಮೋಷನ್ ಬ್ಲರ್ (ಚಲಿಸುವಾಗ ಚಿತ್ರ ಮಸುಕಾಗುವ ಪರಿಣಾಮ) ತೆಗೆಯಿರಿ, ನಡೆಯುವಾಗ ತಲೆ ಕುಲುಕುವ ಆಯ್ಕೆ ಇದ್ದರೆ ಅದನ್ನೂ ತೆಗೆಯಿರಿ, ಫೀಲ್ಡ್ ಆಫ್ ವ್ಯೂ, ಅಂದರೆ ಪರದೆಯಲ್ಲಿ ಕಾಣುವ ನೋಟದ ಅಗಲವನ್ನು, 90 ಡಿಗ್ರಿಯ ಆಸುಪಾಸಿಗೆ ಏರಿಸಿ. ದೂರದ ಟಿವಿಗೆ ಹೊಂದುವ ಕಿರಿದಾದ ನೋಟ ಮೇಜಿನ ಮೇಲಿನ ಮಾನಿಟರ್‌ಗೆ ಒಗ್ಗುವುದಿಲ್ಲ. ಕೋಣೆಯ ದೀಪ ಆರಿಸಿ ಆಡುವ ಶೋಕಿ ಬೇಡ. ಇಷ್ಟೆಲ್ಲ ಮಾಡಿಯೂ ಸಂಕಟವಾದರೆ ಆ ದಿನಕ್ಕೆ ನಿಲ್ಲಿಸುವುದೇ ಸರಿ. ಹಟ ಹಿಡಿದು ಆಡಿದರೆ ಮರುದಿನ ಆಟದ ಹೆಸರು ಕೇಳಿದರೂ ವಾಕರಿಕೆ ಬರುತ್ತದೆ.

ಮೊದಲು ಯಾವುದನ್ನು ಆಡಲಿ ಎಂದವರಿಗೆ ನಾನು ಸೂಚಿಸುವುದು ಫ್ರೆಡ್ ಅಂಕಲ್‌ನ ಕಥೆಯನ್ನೇ. ನಾಲ್ಕೈದು ಗಂಟೆಗಳಲ್ಲಿ ಮುಗಿಯುತ್ತದೆ, ಮನೆಯ ಮಕ್ಕಳ ಎದುರೂ ಆಡಬಹುದು. ದೋಷಗಳಿಲ್ಲವೆಂದಲ್ಲ: ಪಾತ್ರಗಳ ಮುಖಗಳಿಗೆ ಜೀವ ಕಡಿಮೆ, ಮತ್ತು ಕೊನೆಯ ಭಾಗಗಳಲ್ಲಿ ಚೆಕ್‌ಪಾಯಿಂಟ್‌ಗಳು, ಅಂದರೆ ಬಿದ್ದಾಗ ಮತ್ತೆ ಆರಂಭಿಸುವ ಜಾಗಗಳು, ಒಂದಕ್ಕೊಂದು ದೂರವಿರುವುದರಿಂದ, ಕಷ್ಟಪಟ್ಟು ದಾಟಿದ ಬಂಡೆಗಳ ಸಾಲನ್ನೇ ಒಂದು ತಪ್ಪಿಗಾಗಿ ಮತ್ತೆ ದಾಟಬೇಕಾಗುತ್ತದೆ. ಅಂಥ ಕಡೆ ಅವಸರದಲ್ಲಿ ಹಾರುವುದಕ್ಕಿಂತ ಅಂಚಿನಲ್ಲಿ ನಿಂತು ಮೂರು ಬಂಡೆಗಳಾಚೆಗೆ ದಾರಿ ಗುರುತಿಸಿಕೊಂಡು ಹೊರಡುವುದು ಮೇಲು. ಕೀಬೋರ್ಡ್ ಮತ್ತು ಮೌಸ್ ಇದ್ದರೆ ಅದರಲ್ಲೇ ಆಡಿ. ಗಾಳಿಯಲ್ಲಿರುವಾಗ ನೋಟವನ್ನು ಒಂದು ಬಂಡೆಯಿಂದ ಇನ್ನೊಂದಕ್ಕೆ ಥಟ್ಟನೆ ತಿರುಗಿಸುವುದು ಕಂಟ್ರೋಲರ್‌ನಲ್ಲಿ ಅಷ್ಟು ಸಲೀಸಲ್ಲ.